ಕ್ಷೌರದ ಉರಿ: ಬ್ಲೇಡು ಹಿಡಿಯಲು ಕಲಿಯುವವರು ತಿಳಿದಿರಬೇಕಾದದ್ದು

ಬಟ್ಟಲಿನಲ್ಲಿ ಸಾಬೂನು, ಕೈಯಲ್ಲಿ ಬ್ರಷ್, ಎರಡಂಚಿನ ಬ್ಲೇಡು ಕೂರಿಸಿದ ಲೋಹದ ರೇಜರ್. ಹಳೆಯ ಪದ್ಧತಿಯ ಕ್ಷೌರಕ್ಕೆ ಬೇಕಾದದ್ದು ಇಷ್ಟೇ. ಬಿಡಿ ಬ್ಲೇಡು ಅಗ್ಗ, ಪ್ಲಾಸ್ಟಿಕ್ ಕಸವೂ ಉಳಿಯುವುದಿಲ್ಲ ಎಂಬ ಕಾರಣಕ್ಕೆ ನಗರದ ಯುವಕರಲ್ಲಿ ಕೆಲವರು ಮತ್ತೆ ಈ ಪದ್ಧತಿಗೆ ಮರಳುತ್ತಿದ್ದಾರೆ. ಆದರೆ ಮೊದಲ ಕೆಲವು ವಾರಗಳಲ್ಲಿ ಕೆನ್ನೆ ಉರಿಯುವುದು, ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳೇಳುವುದು ಸಾಮಾನ್ಯ. ಹಲವರು ಬ್ಲೇಡಿನ ಹರಿತವನ್ನು ದೂರುತ್ತಾರೆ. ವಾಸ್ತವವಾಗಿ ಹೆಚ್ಚಿನ ಉರಿಗೆ ಕಾರಣ ಕೈಯ ಒತ್ತಡ ಮತ್ತು ಸರಿಯಾಗಿ ನೆನೆಯದ ಗಡ್ಡ.

ಕಸುಬಿನಿಂದ ಮನೆಗೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರವೂ ಸೇರಿದಂತೆ ಹಳೆ ಮೈಸೂರು ಸೀಮೆಯಲ್ಲಿ ಕ್ಷೌರ ಒಂದು ಕಾಲಕ್ಕೆ ಪೂರ್ಣವಾಗಿ ಕಸುಬುದಾರರ ಕೈಯಲ್ಲಿದ್ದ ಕೆಲಸ. ಹಳ್ಳಿಯ ಆಯಗಾರ ಪದ್ಧತಿಯಲ್ಲಿ ಕ್ಷೌರಿಕರಿಗೆ ಸ್ಥಾನವಿತ್ತು; ಕೂಲಿ ಸುಗ್ಗಿಯ ಕಾಲದಲ್ಲಿ ದವಸದ ರೂಪದಲ್ಲಿ ಸಲ್ಲುತ್ತಿತ್ತು. ಇಂದು ಸವಿತಾ ಸಮಾಜವೆಂದು ಗುರುತಿಸಿಕೊಳ್ಳುವ ಈ ಸಮುದಾಯದ ಮಕ್ಕಳು ಹಿರಿಯರ ಪಕ್ಕದಲ್ಲಿ ನಿಂತು ಕೆಲಸ ಕಲಿಯುತ್ತಿದ್ದರು. ಗಡ್ಡವನ್ನು ನೆನೆಸುವುದು, ಎಡಗೈಯಿಂದ ಚರ್ಮವನ್ನು ಹದವಾಗಿ ಎಳೆದು ಹಿಡಿಯುವುದು, ಕೂದಲಿನ ಓಟವನ್ನು ಬೆರಳಿನಿಂದ ಅರಿಯುವುದು, ಕೊನೆಯಲ್ಲಿ ಪಟಿಕದ ಕಲ್ಲು ಸವರುವುದು - ಇವೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆ.

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಬದಲಾಯಿಸಬಹುದಾದ ಬ್ಲೇಡಿನ ರೇಜರನ್ನು ಮಾರುಕಟ್ಟೆಗೆ ತಂದರು. 1904ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಕ್ಷೌರ ಮನೆಯ ಕನ್ನಡಿಯ ಮುಂದಕ್ಕೆ ಬಂದಿತು. ಉಪಕರಣ ಬಂದಷ್ಟು ಸುಲಭವಾಗಿ ಅದರ ಹಿಂದಿನ ಕೈವಿದ್ಯೆ ಬರಲಿಲ್ಲ. ಇಂದಿನ ಕಲಿಕೆಗಾರರಿಗೆ ಬೇಕಾಗಿರುವುದು ಆ ವಿದ್ಯೆಯೇ.

ನೀರು ಮತ್ತು ನೊರೆ

ಒಣ ಗಡ್ಡದ ಕೂದಲು ಬಿರುಸು. ಬೆಚ್ಚಗಿನ ನೀರಿನಲ್ಲಿ 2ರಿಂದ 3 ನಿಮಿಷ ನೆನೆದಾಗ ಅದು ನೀರನ್ನು ಹೀರಿಕೊಂಡು ಮೃದುವಾಗುತ್ತದೆ. ಕತ್ತರಿಸಲು ಬೇಕಾದ ಬಲ ಬಹಳಷ್ಟು ತಗ್ಗುತ್ತದೆ. ಆದ್ದರಿಂದ ಸ್ನಾನದ ನಂತರದ ಸಮಯವೇ ಕ್ಷೌರಕ್ಕೆ ಸೂಕ್ತ.

ನೀರಿನ ಗುಣವೂ ಮುಖ್ಯ. ಮಾಗಡಿ ಸೀಮೆ ಗಟ್ಟಿ ಶಿಲೆಯ ನೆಲ. ಸಾವನದುರ್ಗವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂತಹ ನೆಲದ ಆಳದ ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ನೊರೆ ಏಳುವುದಿಲ್ಲ, ಎದ್ದರೂ ಬೇಗನೆ ಒಣಗುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬಿಟ್ಟು ಬೋರ್‌ವೆಲ್ ನೀರನ್ನು ಬಳಸುವ ಮನೆಗಳಲ್ಲಿಯೂ ಇದೇ ತೊಂದರೆ. ನೊರೆ ಕಲಸಲು ಮಾತ್ರ ಒಂದು ಲೋಟ ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸಿದರೆ ಸಾಕು.

ಮೈಸಾಬೂನು ಕ್ಷೌರದ ಸಾಬೂನಿಗೆ ಬದಲಿಯಲ್ಲ. ಅದರ ನೊರೆ ಬೇಗ ಆರುತ್ತದೆ, ಚರ್ಮದ ಎಣ್ಣೆಯಂಶವನ್ನೂ ತೆಗೆಯುತ್ತದೆ. ಕ್ಷೌರದ ಸಾಬೂನನ್ನು ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸುತ್ತ, ಮೊಸರಿನಂತೆ ದಟ್ಟವಾಗಿ ಹೊಳೆಯುವವರೆಗೆ ಕಲಸಬೇಕು. ದೊಡ್ಡ ಗುಳ್ಳೆಗಳಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಮುಖಕ್ಕೆ ಮೆತ್ತಿದೊಡನೆ ಒಣಗಿದರೆ ಕಡಿಮೆಯಾಗಿದೆ ಎಂದರ್ಥ.

ಕೋನ, ಒತ್ತಡ, ದಿಕ್ಕು

ರೇಜರಿನ ತಲೆಯ ಮೇಲ್ಭಾಗವನ್ನು ಮೊದಲು ಕೆನ್ನೆಗೆ ತಾಗಿಸಿ, ಬ್ಲೇಡಿನ ಅಂಚು ಕೂದಲನ್ನು ಮುಟ್ಟುವವರೆಗೆ ಹಿಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಬ್ಲೇಡು ಮತ್ತು ಚರ್ಮದ ನಡುವೆ ಸುಮಾರು 30 ಡಿಗ್ರಿ ಕೋನ ಉಳಿಯುತ್ತದೆ. ಹಿಡಿಯ ತುದಿಯನ್ನು ಬೆರಳುಗಳಲ್ಲಿ ಹಗುರವಾಗಿ ಹಿಡಿದು ರೇಜರಿನ ಭಾರವೇ ಕೆಲಸ ಮಾಡುವಂತೆ ಬಿಡಬೇಕು. ಕಾರ್ಟ್ರಿಜ್ ರೇಜರ್ ಬಳಸಿ ರೂಢಿಯಾದವರು ತಿಳಿಯದೆಯೇ ಒತ್ತುತ್ತಾರೆ. ಉರಿಯ ಮೂಲ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಗಡ್ಡ ಎಲ್ಲೆಡೆ ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಕೆಲವರಿಗೆ ಅಡ್ಡ, ಕೆಲವರಿಗೆ ಮೇಲ್ಮುಖ. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿದರೆ ನುಣುಪೆನಿಸುವ ಕಡೆಗೇ ಬೆಳವಣಿಗೆಯಿದೆ ಎಂದು ತಿಳಿಯಬಹುದು. ಮೊದಲ ಒಂದು ತಿಂಗಳು ಆ ದಿಕ್ಕಿನಲ್ಲಿ ಮಾತ್ರ, ಚಿಕ್ಕ ಚಿಕ್ಕ ಎಳೆತಗಳಲ್ಲಿ, ಒಂದೇ ಸುತ್ತು ಸಾಕು. ನೊರೆಯಿಲ್ಲದ ಜಾಗದ ಮೇಲೆ ಬ್ಲೇಡನ್ನು ಮತ್ತೆ ಎಳೆಯಬಾರದು. ಎದುರು ದಿಕ್ಕಿನಲ್ಲಿ ತೀರ ನುಣುಪಾಗಿ ಹೆರೆದಾಗ ಕೂದಲ ತುದಿ ಚರ್ಮದೊಳಗೇ ಸಿಕ್ಕಿಕೊಂಡು ಬಾಗಿ ಬೆಳೆದು ಗುಳ್ಳೆಯಾಗುತ್ತದೆ. ಗುಂಗುರು ಗಡ್ಡದವರಿಗೆ ಈ ತೊಂದರೆ ಹೆಚ್ಚು.

ಕ್ಷೌರದ ನಂತರ

ತಣ್ಣೀರಿನಿಂದ ತೊಳೆದು, ಒರೆಸದೆ ಬಟ್ಟೆಯನ್ನು ಒತ್ತಿ ನೀರು ತೆಗೆಯಬೇಕು. ಒದ್ದೆ ಮಾಡಿದ ಪಟಿಕ ಸಣ್ಣ ಗಾಯಗಳ ರಕ್ತ ನಿಲ್ಲಿಸುತ್ತದೆ. ಅದನ್ನು ಸವರಿದಾಗ ಎಲ್ಲಿ ಹೆಚ್ಚು ಚುರುಗುಟ್ಟುತ್ತದೆಯೋ ಅಲ್ಲಿ ಕೈ ಒತ್ತಿದೆ ಎಂಬ ಸೂಚನೆಯೂ ಸಿಗುತ್ತದೆ. ಅದನ್ನು ತೊಳೆದು ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಸ್ಪಿರಿಟ್ ಅಂಶದ ಆಫ್ಟರ್‌ಶೇವ್, ನಿಂಬೆರಸ ಇವು ಕೆರಳಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ. ಉರಿ ಉಳಿದಿದ್ದರೆ ಅದು ಪೂರ್ಣ ಶಮನವಾಗುವವರೆಗೆ ಕ್ಷೌರ ಬೇಡ. ಬ್ಲೇಡನ್ನು 5ರಿಂದ 7 ಕ್ಷೌರಗಳ ಒಳಗೆ, ಎಳೆಯತೊಡಗಿದರೆ ಅದಕ್ಕೂ ಮೊದಲೇ, ಬದಲಿಸಬೇಕು.

ಮುಲಾಮಿನ ಅಪಾಯ

ಭಾರತೀಯರ ಗೋಧಿ ಹಾಗೂ ಕಪ್ಪು ಮೈಬಣ್ಣದಲ್ಲಿ ಗುಳ್ಳೆ ಮಾಯ್ದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದುಂಟು. ಆಗ ಅನೇಕರು ವೈದ್ಯರನ್ನು ಕೇಳದೆ ಔಷಧದಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತರುತ್ತಾರೆ. ಮೊದಲು ಮುಖ ತಿಳಿಯಾದಂತೆ ಕಂಡರೂ, ನಿತ್ಯ ಬಳಕೆಯಿಂದ ಚರ್ಮ ತೆಳುವಾಗಿ, ಮೊಡವೆ ಹೆಚ್ಚಿ, ಮುಲಾಮು ಬಿಟ್ಟೊಡನೆ ಕೆಂಪು ಮರುಕಳಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಔಷಧ ನಿಯಮಗಳ 'ಎಚ್' ಪಟ್ಟಿಗೆ ಸೇರಿಸಿತು. ಕ್ಷೌರದ ಉರಿಗಿಂತ ಅದರ ಸ್ವಯಂ ಚಿಕಿತ್ಸೆಯೇ ಹೆಚ್ಚು ಹಾನಿ ತಂದೀತು.

ಒಬ್ಬರ ಬ್ಲೇಡು ಒಬ್ಬರಿಗೇ

ಅಪ್ಪ-ಮಗ, ಅಣ್ಣ-ತಮ್ಮಂದಿರಾದರೂ ಬ್ಲೇಡು ಮತ್ತು ಪಟಿಕವನ್ನು ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲುದು. ರೋಗ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕ್ಷೌರದಂಗಡಿಯಲ್ಲಿಯೂ ಹೊಸ ಬ್ಲೇಡನ್ನು ಕಣ್ಣೆದುರಿಗೇ ಬಿಚ್ಚುವಂತೆ ಕೇಳುವುದು ಗಿರಾಕಿಯ ಹಕ್ಕು. ಬಳಸಿದ ಬ್ಲೇಡನ್ನು ಬಿಡಿಯಾಗಿ ಎಸೆದರೆ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಮುಚ್ಚಳದಲ್ಲಿ ಸೀಳು ಮಾಡಿದ ಹಳೆಯ ಡಬ್ಬಿಯಲ್ಲಿ ಕೂಡಿಟ್ಟು, ತುಂಬಿದ ಮೇಲೆ ಅಂಟುಪಟ್ಟಿ ಸುತ್ತಿ ಬೇರೆಯಾಗಿ ಕೊಡಬೇಕು.

ಮಧುಮೇಹಿಗಳು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಈ ಪದ್ಧತಿಗೆ ತೊಡಗುವ ಮುನ್ನ ವೈದ್ಯರನ್ನು ಕೇಳುವುದೊಳಿತು. ಗುಳ್ಳೆಗಳಲ್ಲಿ ಕೀವು, ಹರಡುವ ನೋವು, ಜ್ವರ ಅಥವಾ ಗಂಟು ಕಟ್ಟಿದ ಕಲೆ ಕಂಡರೆ ರೇಜರನ್ನು ಬದಿಗಿಟ್ಟು ಚರ್ಮರೋಗ ತಜ್ಞರನ್ನು ಕಾಣಬೇಕು.