ಗೋಗಿಯ ಬಿರುಕು: ಯಾದಗಿರಿ ಸೀಮೆಯಲ್ಲಿ ಯುರೇನಿಯಂ ಶೋಧ ಮತ್ತು ಭೂಕಂಪ ಅಧ್ಯಯನದ ಚರಿತ್ರೆ

ಯಾದಗಿರಿ ಜಿಲ್ಲೆಯ ಸೈದಾಪುರದ ಸುತ್ತಿನ ನೆಲ ಗ್ರಾನೈಟಿನದು. ನಾರಾಯಣಪೇಟ ರೋಡ್ ಎಂಬ ಹೆಸರನ್ನು ಬಹುಕಾಲ ಹೊತ್ತಿದ್ದ ಇಲ್ಲಿನ ರೈಲು ನಿಲ್ದಾಣದಿಂದ ಯಾದಗಿರಿ ದಾಟಿ ವಾಡಿಯ ಕಡೆ ಹೋದರೆ ಗುಂಡುಗಲ್ಲಿನ ಗುಡ್ಡಗಳು ಹಿಂದೆ ಸರಿದು, ಪದರ ಪದರವಾಗಿ ಏಳುವ ಸುಣ್ಣದಕಲ್ಲು ಶುರುವಾಗುತ್ತದೆ. ಈ ಭಾಗದ ಮನೆಗಳಿಗೆ ಹಾಸುವ ಪರಸಿ, ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಕಲ್ಲು ಎರಡೂ ಇದೇ. ಗ್ರಾನೈಟು ಮತ್ತು ಸುಣ್ಣದಕಲ್ಲು ಸೇರುವ ಅಂಚಿನಲ್ಲಿ, ಶಹಾಪುರ ತಾಲ್ಲೂಕಿನ ಗೋಗಿಯ ಬಳಿ, ನೆಲ ಪೂರ್ವ-ಪಶ್ಚಿಮವಾಗಿ ಸೀಳಿದೆ. ಭೂವಿಜ್ಞಾನಿಗಳು ಇದನ್ನು ಕುರ್ಲಗೇರಾ–ಗೋಗಿ ಸ್ತರಭಂಗ ಎನ್ನುತ್ತಾರೆ. ಬಿಜಾಪುರದ ಮೊದಲ ಆದಿಲಶಾಹಿ ದೊರೆಗಳ ಗೋರಿಗಳಿರುವ ಗೋಗಿಗೆ ಅಣುಶಕ್ತಿಯ ನಕಾಶೆಯಲ್ಲೂ ಜಾಗ ಸಿಕ್ಕಿದ್ದು ಈ ಬಿರುಕಿನಿಂದ. ಅದಿರಿಗಾಗಿ ಈ ನೆಲವನ್ನು ಓದಿದ ವಿಜ್ಞಾನ ಒಂದು ದಾರಿ ಹಿಡಿಯಿತು, ನಡುಕಕ್ಕಾಗಿ ಓದಿದ ವಿಜ್ಞಾನ ಇನ್ನೊಂದು ದಾರಿ ಹಿಡಿಯಿತು. ಇವೆರಡೂ ಒಂದೇ ಅಧ್ಯಯನದ ಎರಡು ಮುಖ ಎಂಬುದು ಈ ಲೇಖನದ ನಿಲುವು.

ಈ ಸುಣ್ಣದಕಲ್ಲಿನ ಪದರಗಳಿಗೆ ಭೀಮಾ ನದಿಯ ಹೆಸರು ಕೊಟ್ಟವರು ಭೂವಿಜ್ಞಾನಿ ವಿಲಿಯಂ ಕಿಂಗ್, 1872ರಲ್ಲಿ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ಬರೆದ ದೊಡ್ಡ ವರದಿಯಲ್ಲಿ ಇವುಗಳ ವಿವರ ಬಂತು. ನನಗೆ ಇವರಿಬ್ಬರಿಗಿಂತ ಮುಖ್ಯರೆನಿಸುವುದು ಸಿ. ಮಹಾದೇವನ್. ನಿಜಾಮರ ಹೈದರಾಬಾದ್ ಭೂವೈಜ್ಞಾನಿಕ ಇಲಾಖೆಯಲ್ಲಿದ್ದು, ಗುಲಬರ್ಗಾ ಜಿಲ್ಲೆಯ ದಕ್ಷಿಣ ಮತ್ತು ನೈರುತ್ಯ ಭಾಗಗಳ ಭೂರಚನೆಯನ್ನು 1947ರಲ್ಲಿ ಪ್ರಕಟಿಸಿದವರು ಅವರು. ಇಂದಿನ ಯಾದಗಿರಿ, ಶಹಾಪುರ, ಸುರಪುರಗಳು ಆಗ ಆ ಜಿಲ್ಲೆಗೆ ಸೇರಿದ್ದವು. ಮಹಾದೇವನ್ ಸಿ.ವಿ. ರಾಮನ್ ಅವರ ಶಿಷ್ಯರು. ತಾರುಣ್ಯದಲ್ಲಿ ಖನಿಜಗಳೊಳಗಿನ ವಿಕಿರಣ ವಲಯಗಳ ಬಗ್ಗೆ ಬರೆದಿದ್ದರು. ಕಲ್ಲನ್ನು ಕಾಗದದಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಯುರೇನಿಯಂ ಅಥವಾ ಥೋರಿಯಂ ಇರುವ ಒಂದು ಪುಟ್ಟ ಕಣದ ಸುತ್ತ ಬಣ್ಣದ ಉಂಗುರ ಕಾಣುತ್ತದೆ. ಕೋಟ್ಯಂತರ ವರ್ಷ ಆ ಕಣದಿಂದ ಹೊರಟ ಆಲ್ಫಾ ಕಣಗಳು ಸುತ್ತಲ ಹರಳನ್ನು ಕೆಡಿಸಿದ ಗುರುತು ಅದು. ಅಂಥ ಉಂಗುರಗಳನ್ನು ನೋಡಿ ಪಳಗಿದ ಕಣ್ಣೇ ಮುಂದೆ ಭೀಮಾ ತೀರದ ಸುಣ್ಣದಕಲ್ಲನ್ನೂ ನೋಡಿತ್ತು ಎಂಬುದು ನಮ್ಮ ವಿಜ್ಞಾನ ಚರಿತ್ರೆಯಲ್ಲಿ ಎದ್ದು ಕಾಣಬೇಕಾದ ಸಂಗತಿ.

ಸ್ವಾತಂತ್ರ್ಯದ ನಂತರ, 1949ರಲ್ಲಿ, ಡಿ.ಎನ್. ವಾಡಿಯಾ ಅವರ ನೇತೃತ್ವದಲ್ಲಿ ಅಪರೂಪದ ಖನಿಜಗಳ ಸಮೀಕ್ಷಾ ಘಟಕ ಶುರುವಾಯಿತು. ಇಂದಿನ ಪರಮಾಣು ಖನಿಜ ನಿರ್ದೇಶನಾಲಯದ ಮೂಲ ಅದೇ. ಮೊದಲ ದಶಕಗಳಲ್ಲಿ ಅದರ ಮುಖ್ಯ ಗಮನ ಇಂದಿನ ಜಾರ್ಖಂಡದ ಸಿಂಗಭೂಮ್ ಕಡೆಗಿತ್ತು. ಜಾದೂಗುಡ ಗಣಿಯನ್ನು ನಡೆಸಲು ಭಾರತೀಯ ಯುರೇನಿಯಂ ನಿಗಮ ಹುಟ್ಟಿದ್ದು 1967ರಲ್ಲಿ. ಭೀಮಾ ಕೊಳ್ಳದ ಸರದಿ ಬಂದದ್ದು 1990ರ ದಶಕದಲ್ಲಿ. ಗೋಗಿಯಲ್ಲಿ ಕೊರೆದು ತೆಗೆದ ಕಲ್ಲಿನ ಸಲಾಕೆಗಳಲ್ಲಿ ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್ ಎಂಬ ಯುರೇನಿಯಂ ಖನಿಜಗಳು ಸಿಕ್ಕವು. ಜಾದೂಗುಡದ ಒಂದು ಟನ್ ಅದಿರಿನಲ್ಲಿ ಯುರೇನಿಯಂ ಆಕ್ಸೈಡು ಮುಕ್ಕಾಲು ಕಿಲೋ ಕೂಡ ಇರುವುದಿಲ್ಲ. ಗೋಗಿಯ ಅದಿರಿನಲ್ಲಿ ಅದು ಒಂದು ಕಿಲೋ ಮೀರುತ್ತದೆ. ದೇಶದ ಲೆಕ್ಕದಲ್ಲಿ ಇದು ಒಳ್ಳೆಯ ದರ್ಜೆ.

ಯುರೇನಿಯಂ ಗೋಗಿಗೆ ಬಂದ ಬಗೆ ಹೀಗೆ. ಅಡಿಯಲ್ಲಿರುವ ಗ್ರಾನೈಟಿನಲ್ಲಿ ಯುರೇನಿಯಂ ಚೂರುಚೂರಾಗಿ ಹರಡಿಕೊಂಡಿರುತ್ತದೆ. ಆಮ್ಲಜನಕ ಬೆರೆತ ನೀರು ಅದನ್ನು ಕರಗಿಸಿಕೊಂಡು ಬಿರುಕಿನ ಗುಂಟ ಹರಿಯುತ್ತದೆ. ಮುರಿದು ಜಲ್ಲಿಯಂತಾದ ಸುಣ್ಣದಕಲ್ಲಿನಲ್ಲಿ ಗಂಧಕಯುಕ್ತ ಪೈರೈಟ್ ಮತ್ತು ಸಾವಯವ ವಸ್ತು ಎದುರಾದಾಗ, ನೀರಿನ ಗುಣ ಬದಲಾಗಿ ಯುರೇನಿಯಂ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಗೋಗಿಯಲ್ಲಿ ಅದಿರು ಮೇಲಿನ ಸುಣ್ಣದಕಲ್ಲಿನಲ್ಲೂ ಇದೆ, ಕೆಳಗಿನ ಗ್ರಾನೈಟಿನಲ್ಲೂ ಇದೆ. ಅದನ್ನು ತಂದದ್ದು ನೀರು, ನೀರಿಗೆ ದಾರಿ ಕೊಟ್ಟದ್ದು ಬಿರುಕು.

ಶೋಧನಾ ಗಣಿಗೆ ಬಾವಿ ತೋಡಿದಾಗ ಅದೇ ದಾರಿಯಲ್ಲಿ ಅಂತರ್ಜಲ ನುಗ್ಗಿತು. ಊರಿನವರು ನೀರು ಮತ್ತು ಆರೋಗ್ಯದ ಪ್ರಶ್ನೆ ಎತ್ತಿ ಗಣಿಗೆ ವಿರೋಧ ತೋರಿದರು. ಗಣಿ ಎಂದರೆ ಬಾಂಬಿನಂತೆ ಸಿಡಿಯುವುದೇನೋ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ನೀರಿನ ಬಗೆಗಿನ ಅವರ ಪ್ರಶ್ನೆ ಪೂರ್ತಿ ಶಾಸ್ತ್ರೀಯವಾದದ್ದು, ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಅದಿರು ಅರೆದು ಯುರೇನಿಯಂ ತೆಗೆದ ಮೇಲೂ ಮೂಲ ವಿಕಿರಣದ ಸುಮಾರು ಶೇ 85 ಭಾಗ ಉಳಿಯುವುದು ಗಸಿಯಲ್ಲಿ. ಅದರೊಳಗಿನ ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅಷ್ಟು ಕಾಲ ಆ ಗಸಿಯನ್ನು ಹಿಡಿದು ನಿಲ್ಲಬೇಕಾದ ಒಡ್ಡಿನ ಲೆಕ್ಕದಲ್ಲಿ ಭೂಕಂಪವನ್ನು ಬಿಡಲಾಗದು.

ಗಣಿಯೇ ಇಲ್ಲದ ಊರಲ್ಲೂ ನೀರಿನ ಈ ಪ್ರಶ್ನೆ ಇದೆ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದ ಬೆಂಗಳೂರಿನ ವಿಜ್ಞಾನಿಗಳಿಗೆ 57 ಹಳ್ಳಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೊಗ್ರಾಂ ಮೀರಿದ ಯುರೇನಿಯಂ ಕಂಡಿತ್ತು. ಕಾರಣ ಕಾರ್ಖಾನೆಯಲ್ಲ, ಗ್ರಾನೈಟ್ ಕಲ್ಲೇ.

ಇನ್ನು ನಡುಕದ ಚರಿತ್ರೆ. ದಖ್ಖನ್ ಗಟ್ಟಿ ನೆಲ, ಇಲ್ಲಿ ಭೂಕಂಪದ ಮಾತಿಲ್ಲ ಎಂಬ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1967ರ ಡಿಸೆಂಬರ್‌ನಲ್ಲಿ, ಮಹಾರಾಷ್ಟ್ರದ ಕೊಯ್ನಾದಲ್ಲಿ. ಅಲ್ಲಿ ಅಣೆಕಟ್ಟಿನ ನೀರಿನ ಕೈವಾಡವಿತ್ತು ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅದೇ ರಾಜ್ಯದ ಕಿಲ್ಲಾರಿ ನಡುಗಿದಾಗ ಆ ಸಮಾಧಾನವೂ ಉಳಿಯಲಿಲ್ಲ. 6.2ರ ತೀವ್ರತೆಗೆ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಿನಲ್ಲಿ ಕಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ನಮ್ಮ ಕಡೆಯ ಹಳ್ಳಿಗಳಲ್ಲೂ ಅಂಥವೇ ಗೋಡೆಗಳಿವೆ. ಹಿಂದಿನ ವರ್ಷವೇ ಕಿಲ್ಲಾರಿಯಲ್ಲಿ ಸಣ್ಣ ನಡುಕಗಳು ಬಂದುಹೋಗಿದ್ದವು. ನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಅಲ್ಲಿ 617 ಮೀಟರ್ ಆಳಕ್ಕೆ ಕೊರೆಯಿತು. 338 ಮೀಟರ್ ಕರಿಗಲ್ಲಿನ ಪದರ, ಅದರಡಿ 8 ಮೀಟರಿನಷ್ಟು ಕೆಸರುಗಲ್ಲು, ಅದರಡಿ ಬಹು ಪುರಾತನ ತಳಶಿಲೆ ಸಿಕ್ಕಿತು. ಸೈದಾಪುರದಲ್ಲಿ ಗುಡ್ಡಗಳಾಗಿ ಮೇಲೆದ್ದಿರುವ ಪುರಾತನ ನೆಲವೇ ಉತ್ತರಕ್ಕೆ ಹೋಗುತ್ತ ಕರಿಗಲ್ಲಿನ ಹೊದಿಕೆಯಡಿ ಸೇರುತ್ತದೆ. 2002ರಲ್ಲಿ ದೇಶದ ಭೂಕಂಪ ವಲಯ ನಕಾಶೆ ಪರಿಷ್ಕರಿಸಿದಾಗ, ಅಪಾಯ ಅತಿ ಕಡಿಮೆ ಎನ್ನುತ್ತಿದ್ದ ಒಂದನೆಯ ವಲಯವನ್ನೇ ತೆಗೆದುಹಾಕಿದರು.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತ ನೆಲದಡಿಯ ಸದ್ದು, ನಡುಕ ಮತ್ತೆ ಮತ್ತೆ ಬಂದು ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಮಳೆನೀರು ಬಿರುಕುಗಳಿಗಿಳಿದು ಒತ್ತಡ ಬದಲಿಸಿದ್ದೇ ಕಾರಣವಿರಬಹುದೆಂಬ ವಿವರಣೆ ಆಗ ಬಂತು. ಗೋಗಿಯ ಅದಿರಿನ ಕಥೆಯಲ್ಲಿ ಬರುವ ಪಾತ್ರಗಳೇ ಇಲ್ಲಿಯೂ ಬರುತ್ತವೆ: ಬಿರುಕು, ನೀರು.

ಹಳೆಯ ಬಿರುಕೆಲ್ಲ ಭೂಕಂಪದ ಬಿರುಕಲ್ಲ, ಇದನ್ನು ಒತ್ತಿ ಹೇಳಬೇಕು. ಪರಮಾಣು ಸ್ಥಾವರಕ್ಕೆ ಜಾಗ ಆರಿಸುವಾಗ ಎಂಜಿನಿಯರುಗಳು ಕೇಳುವುದೂ ಇದನ್ನೇ: ಈ ಸ್ತರಭಂಗ ಇನ್ನೂ ಅಲುಗಬಲ್ಲದೇ? ಅಲುಗಬಲ್ಲದ್ದು ಐದು ಕಿಲೋಮೀಟರಿನೊಳಗಿದ್ದರೆ ನಮ್ಮ ನಿಯಮಗಳ ಪ್ರಕಾರ ಆ ಜಾಗ ಬೇಡ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ ಈ ಪರಿಶೀಲನೆ ಎಲ್ಲೆಡೆ ಬಿಗಿಯಾಯಿತು. ನಮ್ಮ ರಾಜ್ಯದ ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳು ಉರಿಸುವುದು ಶುದ್ಧೀಕರಿಸಿದ ಸಹಜ ಯುರೇನಿಯಂ. 2025ರ ಕೇಂದ್ರ ಬಜೆಟ್ 2047ಕ್ಕೆ 100 ಗಿಗಾವಾಟ್ ಅಣುವಿದ್ಯುತ್ತಿನ ಗುರಿ ಇಟ್ಟಿರುವುದರಿಂದ ಗೋಗಿಯಂಥ ನಿಕ್ಷೇಪಗಳ ಮೇಲೆ ಕಣ್ಣು ಬೀಳುವುದು ಸಹಜ. ಸ್ಥಾವರದ ಜಾಗಕ್ಕೆ ಕೇಳುವಷ್ಟು ಪ್ರಶ್ನೆಗಳನ್ನು ಗಣಿಯ ಊರಿಗೂ ಕೇಳಬೇಕು.

ಅದಕ್ಕೆ ಬೇಕಾದ ಮಾಹಿತಿಯ ಒಂದು ಭಾಗ ನಮ್ಮ ಹೊಲಗಳಲ್ಲೇ ಇದೆ. ಸೈದಾಪುರ ಹೋಬಳಿಯಲ್ಲಿ ಬೋರ್ ಹಾಕಿಸುವ ರೈತ ರಾತ್ರಿಯೆಲ್ಲ ಲಾರಿಯ ಪಕ್ಕ ನಿಂತು ಮೇಲೆ ಬರುವ ಪುಡಿಯ ಬಣ್ಣ ನೋಡುತ್ತಾನೆ. ಎಷ್ಟು ಅಡಿಗೆ ಗಟ್ಟಿ ಕಲ್ಲು ಸಿಕ್ಕಿತು, ಎಷ್ಟನೆಯ ಅಡಿಗೆ ಸೆಲೆ ಬಂತು, ಎಷ್ಟು ಕೇಸಿಂಗ್ ಇಳಿಯಿತು ಎಂಬುದು ಅವನಿಗೂ ರಿಗ್ಗಿನವನಿಗೂ ಬಾಯಿಪಾಠ. ಸೆಲೆ ಎಂದರೆ ನೀರು ಹರಿಯುವ ಬಿರುಕು. ಆ ಆಳಗಳನ್ನು ಗ್ರಾಮ ಪಂಚಾಯಿತಿಯ ವಹಿಯಲ್ಲಿ ಬರೆದಿಟ್ಟು, ಪಕ್ಕದಲ್ಲೇ ಆ ನೀರಿನ ಯುರೇನಿಯಂ ಪ್ರಮಾಣ ನಮೂದಿಸಿದರೆ, ಅದಿರು ಹುಡುಕುವವರಿಗೂ ಭೂಕಂಪ ಓದುವವರಿಗೂ ಕುಡಿಯುವ ನೀರಿನವರಿಗೂ ಒಂದೇ ನಕಾಶೆ ಸಾಕಾಗುತ್ತದೆ.