ಔಟ್‌ಬೋರ್ಡ್ ಕಥೆಗಳು, ಭಾಗ 6: ಒಂದು ಸರಳು, ನಾಲ್ಕು ತೂತು

ಫೋಟೋ ಸ್ವಲ್ಪ ಝೂಮ್ ಮಾಡಿ. ದೋಣಿಯ ಹಿಂಬದಿ ಹಲಗೆಯನ್ನ ಕಚ್ಚಿಕೊಂಡಿರೋ ಬ್ರಾಕೆಟ್‌ನಲ್ಲಿ ಸಾಲಾಗಿ ನಾಲ್ಕು ತೂತು ಕಾಣ್ತಿದೆಯಾ? ಅದರಲ್ಲಿ ಒಂದಕ್ಕೆ ಸ್ಟೀಲ್ ಸರಳು ತೂರಿಸಿದ್ದಾರೆ. ಓಡುವಾಗ ಮೋಟಾರಿನ ಕಾಲು ಒರಗಿ ನಿಲ್ಲೋದು ಆ ಸರಳಿಗೆ. ಇವತ್ತಿನ ಕಥೆ ಅದರದ್ದು.

ಕಳೆದ ಭಾಗ ಓದಿ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ರಿ: ಸಣ್ಣ ಔಟ್‌ಬೋರ್ಡ್‌ಗೆ ನಾವೇ ಪವರ್ ಟ್ರಿಮ್ ಮಾಡಿ ಕೂರಿಸಬಹುದಾ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಆಗುತ್ತಾ? ಆಗುತ್ತೆ. ಆದರೆ ಈ ಮೋಟಾರಿಗೆ ಕೀಲು ಯಾಕಿದೆ ಅಂತ ಮೊದಲು ತಿಳ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಪ್ರಾಜೆಕ್ಟ್ ದೋಣಿಯ ಹಿಂಬದಿಯನ್ನೇ ಕಿತ್ತುಕೊಂಡು ಬರುತ್ತೆ.

ಓಲೆ ಎವಿನ್‌ರೂಡ್‌ನ ಐಸ್‌ಕ್ರೀಂ ಕಥೆ ಎಲ್ಲರಿಗೂ ಗೊತ್ತು. 1906ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಕೆರೆಯಲ್ಲಿ ಪಿಕ್ನಿಕ್. ಬೆಸ್ ಐಸ್‌ಕ್ರೀಂ ಬೇಕು ಅಂದಳು. ಇವನು ಹುಟ್ಟು ಹಾಕ್ಕೊಂಡು ಹೋಗಿ ತರೋಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಕಥೆ ಚೆನ್ನಾಗಿದೆ, ಹಾಗಾಗಿ ಮೊದಲಿಗನ ಪಟ್ಟವೂ ಅವನಿಗೇ ಸಿಕ್ತು. ಆದರೆ ಕ್ಯಾಮರಾನ್ ವಾಟರ್‌ಮನ್ ಅನ್ನೋ ಯೇಲ್‌ನ ಕಾನೂನು ವಿದ್ಯಾರ್ಥಿ ಅವನಿಗಿಂತ ಮೊದಲೇ, 1905ರಲ್ಲಿ, ಇಂಥದ್ದೇ ಮೋಟಾರನ್ನ ನೀರಿಗಿಳಿಸಿ ನೋಡಿದ್ದ. ಕಾನೂನು ಓದೋನು! ನಮಗೆ ಇನ್ನೇನು ನೆಪ ಇದೆ ಹೇಳಿ.

1909ರಲ್ಲಿ ಮಾರಾಟಕ್ಕೆ ಬಂದ ಎವಿನ್‌ರೂಡ್ ಮೋಟಾರು 1.5 ಎಚ್‌ಪಿ. ತೂಕ 62 ಪೌಂಡ್ (ಸುಮಾರು 28 ಕಿಲೋ), ಬೆಲೆಯೂ 62 ಡಾಲರ್. ಬೆಸ್ ಅದನ್ನ ಕಾಫಿ ಬೀಜ ಪುಡಿ ಮಾಡೋ ಯಂತ್ರದ ಥರ ಇದೆ ಅಂದಳಂತೆ. ಹುಟ್ಟು ಹಾಕೋ ದೋಣಿಗೆ ಅಷ್ಟು ಸಾಕಿತ್ತು. ನಿಧಾನಕ್ಕೆ ಹೋಗೋ ದೋಣಿಗೆ ಪ್ರೊಪೆಲರ್ ನಾಲ್ಕು ಡಿಗ್ರಿ ಆಕಡೆ ಈಕಡೆ ಇದ್ರೂ ಯಾರಿಗೂ ಗೊತ್ತಾಗಲ್ಲ. ಆದರೆ ಕಲ್ಲು, ಮರಳು, ಮುಳುಗಿದ ಮರದ ಕೊರಡು ಆಗಲೂ ಇದ್ವಲ್ಲ? ಮೋಟಾರು ಕೀಲಿನ ಮೇಲೆ ಹಿಂದಕ್ಕೆ ಎದ್ದು ಏಟು ತಪ್ಪಿಸಿಕೊಳ್ಳಬೇಕು. ಕೀಲಿನ ಹಳೇ ಕೆಲಸ ಇದು, ಇದನ್ನ ಮರೀಬೇಡಿ.

1920ರ ದಶಕದಲ್ಲಿ ಮೋಟಾರು ಹಗುರಾಯ್ತು, ಶಕ್ತಿ ಜಾಸ್ತಿಯಾಯ್ತು. ದೋಣಿ ನೀರನ್ನ ಸೀಳಿ ಹೋಗೋದು ಬಿಟ್ಟು ನೀರಿನ ಮೇಲೆ ಜಾರಿ ಓಡತೊಡಗಿತು. ಆಗ ಕೋನಕ್ಕೆ ಬೆಲೆ ಬಂತು. ಮೋಟಾರಿನ ಕಾಲು ದೋಣಿಯ ಕಡೆ ಒಳಗೆ ಬಂದ್ರೆ ಮೂತಿ ಕೆಳಗೆ. ಹೊರಗೆ ಹೋದ್ರೆ ಮೂತಿ ಮೇಲೆ, ನೀರಿನ ಎಳೆತ ಕಮ್ಮಿ, ವೇಗ ಜಾಸ್ತಿ. ಅತಿಯಾದ್ರೆ ದೋಣಿ ಡಾಲ್ಫಿನ್ ಥರ ಕುಪ್ಪಳಿಸುತ್ತೆ, ಪ್ರೊಪೆಲರ್ ಗಾಳಿ ಎಳ್ಕೊಂಡು ಸುಮ್ನೆ ಕಿರುಚುತ್ತೆ. ಇದನ್ನ ಹೊಂದಿಸೋಕೇ ಆ ಸರಳು ಮತ್ತು ತೂತುಗಳು. ಕಷ್ಟ ಏನಂದ್ರೆ, ತೂತು ಬದಲಿಸೋಕೆ ಓಟ ನಿಲ್ಲಿಸಿ, ಮೋಟಾರು ಎತ್ತಿ, ಸರಳು ಕಿತ್ತು ಹಾಕಬೇಕು. ಜತೆಗಾರ ಮುಂದೆ ಕೂತಿದ್ದೋನು ಹಿಂದೆ ಬಂದ ಅಂದ್ರೆ ಲೆಕ್ಕ ಮತ್ತೆ ತಪ್ತು.

(ಥಾಯ್ಲೆಂಡಿನ ಉದ್ದ ಬಾಲದ ದೋಣಿಯವರಿಗೆ ಈ ತಲೆನೋವಿಲ್ಲ. ಇಡೀ ಎಂಜಿನ್ ತಕ್ಕಡಿ ಥರ ತೂಗ್ತಿರುತ್ತೆ, ನಾವಿಕನ ತೋಳೇ ಅದಕ್ಕೆ ಪವರ್ ಟ್ರಿಮ್.)

ಆಮೇಲೆ ದೊಡ್ಡ ಮೋಟಾರುಗಳಿಗೆ ಹೈಡ್ರಾಲಿಕ್ ಬಂತು, ಬಟನ್ ಒತ್ತಿದ್ರೆ ಮುಗೀತು. ಸಣ್ಣದಕ್ಕೆ ಮಾತ್ರ ಹೆಚ್ಚಾಗಿ ಸರಳೇ ಉಳೀತು. ಪಂಪು, ಸಿಲಿಂಡರಿನ ತೂಕ ಮತ್ತು ಬೆಲೆ ಒಂದು ಕಾರಣ. ಇನ್ನೊಂದು, ಹಗ್ಗ ಎಳೆದು ಸ್ಟಾರ್ಟ್ ಮಾಡೋ ಎಷ್ಟೋ ದೋಣಿಗಳಲ್ಲಿ ಬ್ಯಾಟರಿಯೇ ಇರಲ್ಲ.

ಮನೆ ಮೆಕ್ಯಾನಿಕ್‌ಗಳು ನುಗ್ಗಿದ್ದು ಇಲ್ಲೇ. ಸರಳಿನ ಜಾಗಕ್ಕೆ 12 ವೋಲ್ಟ್ ಲೀನಿಯರ್ ಆಕ್ಚುಯೇಟರ್, ಅಂದ್ರೆ ಮೋಟಾರು ತಿರುಗಿದ್ರೆ ಸ್ಕ್ರೂ ಉದ್ದಕ್ಕೂ ಚಾಚೋ ರಾಡ್. ಕೇಬಲ್ ಟಿವಿ ಕಾಲದ ದೊಡ್ಡ ಡಿಶ್ ತಿರುಗಿಸ್ತಿದ್ದದ್ದು ಇದೇ ಜಾತಿಯದ್ದು. ಆದರೆ ಅವು ಸಾಮಾನ್ಯವಾಗಿ 36 ವೋಲ್ಟಿನವು, 12ಕ್ಕೆ ಹಾಕಿದ್ರೆ ತೆವಳ್ತವೆ. ಕರೆಂಟಿನ ದಿಕ್ಕು ಬದಲಿಸೋ ಒಂದು ಸ್ವಿಚ್ಚು, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸು. ವೈರಿಂಗ್ ಅಷ್ಟೇ.

ಈಗ ಲೆಕ್ಕ. ಮೇಲಿನ ಕೀಲಿನಿಂದ ಪ್ರೊಪೆಲರ್‌ವರೆಗೆ 60 ಸೆಂ.ಮೀ., ಸರಳಿನವರೆಗೆ 20 ಸೆಂ.ಮೀ. ಅಂದ್ಕೊಳ್ಳಿ. ಪ್ರೊಪೆಲರ್ 80 ಕಿಲೋ ಬಲದಿಂದ ತಳ್ಳಿದ್ರೆ ಸರಳಿನ ಮೇಲೆ ಬೀಳೋದು 240 ಕಿಲೋ. ಪಿಯುಸಿ ಸನ್ನೆಕೋಲು, ಅಷ್ಟೇ. 100 ಕಿಲೋ ತಡೆಯೋ ಆಕ್ಚುಯೇಟರ್ ತಂದು 'ಮೋಟಾರು ಸಲೀಸಾಗಿ ಎತ್ತುತ್ತಲ್ಲ' ಅಂತ ಖುಷಿಪಡಬೇಡಿ. ದಡದಲ್ಲಿ ಎತ್ತೋ ಭಾರ ಬೇರೆ, ಪೂರ್ತಿ ಥ್ರಾಟಲ್‌ನಲ್ಲಿ ಹೊರೋ ಭಾರ ಬೇರೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ರಾಡಿನ ಎರಡೂ ತುದಿಗೆ ಬೋಲ್ಟ್ ಹಾಕೋದು. ನೋಡೋಕೆ ಗಟ್ಟಿಮುಟ್ಟು. ಆದರೆ ಹಾಗೆ ಮಾಡಿದ ಕ್ಷಣ ಕೀಲಿನ ಹಳೇ ಕೆಲಸ ನಿಂತುಹೋಯ್ತು. ನಮ್ಮ ಕರಾವಳಿಯ ನಾಡದೋಣಿ ನೆನಪಿಸಿಕೊಳ್ಳಿ. ಅಳಿವೆ ದಾಟುವಾಗ ಹಿಂದಿನಿಂದ ಅಲೆ, ಕೆಳಗೆ ಮರಳದಿಣ್ಣೆ. ಫ್ಯಾನು ಮರಳಿಗೆ ತಾಗಿದ್ರೆ ಮೋಟಾರು ತಾನಾಗೇ ಎದ್ದು ಬೀಳಬೇಕು. ಏಳದಿದ್ರೆ ಆ ಏಟೆಲ್ಲ ಹಿಂಬದಿ ಹಲಗೆಗೆ. ಹಲಗೆ ಬಿರಿದ್ರೆ ನೀರು ಒಳಗೆ, ದೋಣಿ ಅಲೆಗೆ ಅಡ್ಡ. ಅಲ್ಲಿ ಯಾರಿಗೂ ಎರಡನೇ ಛಾನ್ಸ್ ಸಿಗೋ ಗ್ಯಾರಂಟಿ ಇಲ್ಲ.

ಕಂಪನಿಗಳು ಇದನ್ನ ಹೇಗೆ ಬಿಡಿಸಿದ್ವು ನೋಡಿ. ಎಷ್ಟೋ ದೊಡ್ಡ ಮೋಟಾರುಗಳಲ್ಲಿ ಎರಡು ಗಿಡ್ಡ ಟ್ರಿಮ್ ರಾಡ್ ಇರ್ತವೆ. ಅವು ಮೋಟಾರಿಗೆ ಅಂಟಿಕೊಂಡಿರಲ್ಲ, ಬರೀ ಒತ್ತಿ ನಿಲ್ತವೆ. ಮಧ್ಯದ ಉದ್ದ ಸಿಲಿಂಡರ್ ಅಂಟಿಕೊಂಡಿರುತ್ತೆ, ಆದರೆ ಏಟು ಬಿದ್ದಾಗ ಎಣ್ಣೆ ದಾಟಿಬಿಡೋ ವಾಲ್ವ್ ಅದರೊಳಗಿದೆ.

ನೀವೂ ಅದನ್ನೇ ಕದೀರಿ. ರಾಡಿನ ಬುಡಕ್ಕೆ ಮಾತ್ರ ಬೋಲ್ಟ್, ತುದಿಗೆ ಚಪ್ಪಟೆ ಪ್ಯಾಡ್. ಮೋಟಾರು ಅದಕ್ಕೆ ಒರಗಲಿ, ಬೇಕಾದಾಗ ಬಿಟ್ಟು ಏಳಲಿ. ಒಂದು ತೊಂದರೆ ಉಳಿಯುತ್ತೆ: ಎಷ್ಟೋ ಮೋಟಾರುಗಳ ರಿವರ್ಸ್ ಲಾಕಿನ ಕೊಕ್ಕೆ ಹಿಡಿಯೋದು ಇದೇ ಸರಳನ್ನ. ಸರಳು ತೆಗೆದ್ರೆ ರಿವರ್ಸ್ ಹಾಕಿದಾಗ ಮೋಟಾರು ನೀರಿನಿಂದ ಎದ್ದು ಬರುತ್ತೆ. ಆ ಕೊಕ್ಕೆಗೆ ಏನು ಮಾಡೋದು ಅಂತ ಭಾಗ 7ರಲ್ಲಿ, ಸ್ಕೆಚ್ ಸಮೇತ. ಅಲ್ಲಿವರೆಗೆ ಯಾರೂ ಡ್ರಿಲ್ ಮುಟ್ಟಬೇಡಿ.