ರೋಣದ ಬಾಲಕನೂ ಗ್ರಾಮಫೋನ್ ಪ್ಲೇಟೂ

ಜನರು ಮೆಚ್ಚಿದ ಸಂಗೀತವು ಕೆಟ್ಟಿತೆಂಬ ಮಾತನ್ನು ರಸಿಕರೆನಿಸಿಕೊಂಡ ನಾವು ಬಹುಕಾಲದಿಂದ ಆಡುತ್ತ ಬಂದಿದ್ದೇವೆ. ೧೯೨೨ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರ ಚರಿತ್ರೆಯು ಈ ಮಾತಿಗೆ ಒಡಂಬಡುವುದಿಲ್ಲ.

ಗದಗಿನಲ್ಲಿ ಬೆಳೆದ ಆ ಬಾಲಕನು ೧೯೩೩ರಲ್ಲಿ ಗುರುವನ್ನರಸಿ ಮನೆ ಬಿಟ್ಟನಷ್ಟೆ. ಅವನನ್ನು ಹೊರಡಿಸಿದುದು ದರಬಾರಿನ ಖ್ಯಾಲಲ್ಲ. ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಒಂದು ಠುಮ್ರಿ, ಅದೂ ಗ್ರಾಮಫೋನಿನಲ್ಲಿ ಕೇಳಿದುದು! ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷವೇ ಮಿತಿ. ಗಂಟೆಗಟ್ಟಲೆ ಬೆಳೆಯತಕ್ಕ ರಾಗಕ್ಕೆ ಅಲ್ಲಿ ಎಡೆಯೆಲ್ಲಿ? ಆದರೂ ದರಬಾರಿಗೆ ಪ್ರವೇಶವಿಲ್ಲದ ಹುಡುಗನಿಗೆ ಅಷ್ಟೇ ಸಾಕಾಯಿತು.

ಮುಂದೆ ಅವನಿಗೆ ದೊರೆತ ಗುರುಗಳು ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರು. ಇವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿ ಹಾಡಿ ಹೆಸರಾದವರು. ಶಿಷ್ಯನು ನಾಟಕ ಸೇರಿದುದು ಖಾನರಿಗೆ ಹಿಡಿಸಲಿಲ್ಲ. ಕರ್ನಾಟಕ ಸಂಗೀತದ ಪ್ರಭಾವದಿಂದ ಸರಿಗಮದ ಹೊಸ ಬೆಡಗನ್ನು ತಮ್ಮ ಗಾಯನಕ್ಕೆ ತಂದುಕೊಂಡವರು ಆ ಖಾನರೇ! ತಾನು ತಂದ ಹೊಸತು ಸಂಸ್ಕಾರವಾಗಿಯೂ ಶಿಷ್ಯನು ತಂದುದು ಅಪಚಾರವಾಗಿಯೂ ತೋರುವುದು ಮನುಷ್ಯಸ್ವಭಾವವಿರಬಹುದು.

ಜೋಶಿಯವರ ಮೊದಲ ಪ್ಲೇಟಿನಲ್ಲಿದ್ದುವೂ ಕನ್ನಡ, ಹಿಂದಿ ಭಕ್ತಿಗೀತಗಳು. ತರುವಾಯ ದಾಸರ ಪದಗಳೂ ಅಭಂಗಗಳೂ ಅವರ ಕಂಠವನ್ನು ಮನೆಮನೆಗೆ ಮುಟ್ಟಿಸಿದುವು. ಖ್ಯಾಲಿನ ಅಭಿಮಾನಿಗಳು ಹುಬ್ಬು ಗಂಟಿಕ್ಕಿದುದುಂಟು. ಆದರೆ ಗುರುಗಳ ನೆನಪಿನಲ್ಲಿ ೧೯೫೩ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವದಲ್ಲಿ ಅದೇ ಕಂಠದ ಶುದ್ಧಕಲ್ಯಾಣವನ್ನು ಕೇಳಲು ಸಹಸ್ರಾರು ಜನ ಕುಳಿತಿರುತ್ತಿದ್ದರು. ಅವರಲ್ಲಿ ಪದವನ್ನು ಕೇಳಿ ಬಂದವರಾರು, ರಾಗವನ್ನು ಬಲ್ಲು ಬಂದವರಾರು ಎಂದು ವಿಂಗಡಿಸಬಲ್ಲ ಜಾಣರು ನಮಗಿನ್ನೂ ದೊರೆತಿಲ್ಲ.